ಸಂಖ್ಯೆಗೂ ಒಂದು ಹೆಸರು: ಇ-ಮೇಲ್ ಸರ್ವರಿನ ಗುರುತಿನ ಕಥೆ



ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ತಾಲ್ಲೂಕು ಕೇಂದ್ರವೊಂದರಲ್ಲಿ ಒಂದು ಕಾಲೇಜು. ಅದರ ಗಣಕಯಂತ್ರ ಪ್ರಯೋಗಾಲಯದ ಮೂಲೆಯಲ್ಲಿ ಕಾಲೇಜಿನದೇ ಆದ ಒಂದು ಇ-ಮೇಲ್ ಸರ್ವರ್. ಸೋಮವಾರ ಬೆಳಿಗ್ಗೆ ಕಚೇರಿಯಿಂದ ಶಿರಸಿಯ ಒಬ್ಬ ವಿದ್ಯಾರ್ಥಿನಿಗೆ ಪತ್ರ ಹೊರಡುತ್ತದೆ: ‘ಶುಕ್ರವಾರ ಹನ್ನೊಂದು ಗಂಟೆಗೆ ಪ್ರವೇಶ ಸಂದರ್ಶನ. ಮೂಲ ಅಂಕಪಟ್ಟಿಯೊಂದಿಗೆ ಹಾಜರಾಗತಕ್ಕದ್ದು.’ ಗುಮಾಸ್ತರು ರಿಜಿಸ್ಟರಿನಲ್ಲಿ ‘ಕಳುಹಿಸಲಾಗಿದೆ’ ಎಂದು ಬರೆದುಕೊಳ್ಳುತ್ತಾರೆ. ಶುಕ್ರವಾರ ಬರುತ್ತದೆ, ವಿದ್ಯಾರ್ಥಿನಿ ಬರುವುದಿಲ್ಲ. ಸೀಟು ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಗುತ್ತದೆ. ಶನಿವಾರ ಕಚೇರಿಯ ಗಣಕಯಂತ್ರದಲ್ಲಿ ಒಂದು ಸೂಚನೆ ಕಾಣಿಸಿಕೊಳ್ಳುತ್ತದೆ: ‘ತಮ್ಮ ಪತ್ರವನ್ನು ತಲುಪಿಸಲಾಗಲಿಲ್ಲ.’

ವಿಳಾಸದಲ್ಲಿ ತಪ್ಪಿರಲಿಲ್ಲ. ಅಂತರಜಾಲದ ಸಂಪರ್ಕ ಕೆಟ್ಟಿರಲಿಲ್ಲ. ವಿದ್ಯಾರ್ಥಿನಿಯ ಅಂಚೆಪೆಟ್ಟಿಗೆ ತುಂಬಿರಲಿಲ್ಲ. ಪತ್ರದಲ್ಲಿ ಆಕ್ಷೇಪಾರ್ಹವಾದ ಒಂದು ಮಾತೂ ಇರಲಿಲ್ಲ. ಹಾಗಾದರೆ ಐದು ದಿನ ಅದು ಎಲ್ಲಿತ್ತು? ಯಾರು ತಡೆದರು? ಏಕೆ ತಡೆದರು?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟರೆ ಅಂತರಜಾಲದ ಹೆಸರುಪಟ್ಟಿಯ ಅಷ್ಟಾಗಿ ಪರಿಚಿತವಲ್ಲದ ಒಂದು ಭಾಗಕ್ಕೆ ಬಂದು ನಿಲ್ಲುತ್ತೇವೆ. ಅದಕ್ಕೆ ‘ರಿವರ್ಸ್ ಡಿಎನ್‌ಎಸ್’ ಎಂದು ಹೆಸರು. ಕನ್ನಡದಲ್ಲಿ ‘ಹಿಮ್ಮುಖ ಹೆಸರು ಹುಡುಕಾಟ’ ಎನ್ನೋಣ. ಪರದೆಯ ಮೇಲಿನ ಮಾತುಕತೆಯಲ್ಲಿ ಸಮಯದ ಮಿತಿಯಿಂದ ಓಡುತ್ತಾ ಹೇಳಬೇಕಾದ ವಿಷಯವನ್ನು ಇಲ್ಲಿ ನಿಧಾನವಾಗಿ, ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಸರು ನಮಗೆ, ಸಂಖ್ಯೆ ಯಂತ್ರಕ್ಕೆ

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಅದನ್ನು ಐಪಿ ವಿಳಾಸ ಎನ್ನುತ್ತಾರೆ. ಬಹುಕಾಲದಿಂದ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯಲ್ಲಿ ಇದು ನಾಲ್ಕು ತುಂಡುಗಳ ಸಂಖ್ಯೆ. ಉದಾಹರಣೆಗೆ 203.0.113.25. ಪ್ರತಿ ತುಂಡೂ 0ಯಿಂದ 255ರ ಒಳಗಿರಬೇಕು. ಹೀಗೆ ಒಟ್ಟು 4,29,49,67,296 ವಿಳಾಸಗಳು ಸಾಧ್ಯ, ಎಂದರೆ ಸುಮಾರು 429 ಕೋಟಿ.

ಇಂಥ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವುದು ಮನುಷ್ಯರಿಗೆ ಕಷ್ಟ. ಆದ್ದರಿಂದ ಯಂತ್ರಗಳಿಗೆ ಹೆಸರಿಟ್ಟರು. ಅಂತರಜಾಲದ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ಸಂಖ್ಯೆಗಳು ಒಂದೇ ಕಡತದಲ್ಲಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಆ ಕಡತವನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿದಾಗ ಅಲ್ಲಿಗೆ ತಿಳಿಸಬೇಕು, ಉಳಿದವರೆಲ್ಲ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಈ ಏರ್ಪಾಡು ಕುಸಿಯುವುದು ಖಚಿತವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವವರು ಹೊಸ ವ್ಯವಸ್ಥೆಯೊಂದನ್ನು ರೂಪಿಸಿದರು. ಅದೇ ‘ಡೊಮೈನ್ ನೇಮ್ ಸಿಸ್ಟಮ್’, ಚಿಕ್ಕದಾಗಿ ಡಿಎನ್‌ಎಸ್. 1987ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಅದರ ನಿಯಮಗಳೇ ಇಂದಿನ ಡಿಎನ್‌ಎಸ್‌ಗೂ ತಳಹದಿ.

ಡಿಎನ್‌ಎಸ್‌ನ ಜಾಣತನವೆಂದರೆ ಒಂದೇ ದೊಡ್ಡ ಪುಸ್ತಕವನ್ನು ಸಾವಿರಾರು ಸಣ್ಣ ಪುಸ್ತಕಗಳಾಗಿ ಹಂಚಿಬಿಟ್ಟದ್ದು. ಅವರವರ ಹೆಸರಿನ ಪುಸ್ತಕವನ್ನು ಅವರವರೇ ಬರೆದುಕೊಳ್ಳುತ್ತಾರೆ. ನಮ್ಮ ಕಾಲೇಜಿನ ಸರ್ವರಿಗೆ ‘ಮೇಲ್.ಕಾಲೇಜು.ಎಕ್ಸಾಂಪಲ್’ ಎಂಬ ಹೆಸರಿದೆ ಎಂದುಕೊಳ್ಳೋಣ. (‘ಎಕ್ಸಾಂಪಲ್’ ಎಂಬ ಕೊನೆಯ ಭಾಗವನ್ನು ಇಂಥ ಉದಾಹರಣೆಗಳಿಗೆಂದೇ ಕಾಯ್ದಿರಿಸಲಾಗಿದೆ. ಮೇಲೆ ಕೊಟ್ಟ ಸಂಖ್ಯೆಯೂ ಹಾಗೆಯೇ.) ಈ ಹೆಸರನ್ನು ಕೇಳಿದರೆ 203.0.113.25 ಎಂಬ ಉತ್ತರ ಬರುವಂತೆ ಕಾಲೇಜು ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತದೆ. ಆ ಸಾಲಿಗೆ ‘ಎ ದಾಖಲೆ’ ಎಂದು ಹೆಸರು. ಹೆಸರಿನಿಂದ ಸಂಖ್ಯೆಗೆ ಹೋಗುವ ಈ ದಾರಿ ಮುಮ್ಮುಖ ಹುಡುಕಾಟ. ದಿನವೂ ಗೊತ್ತಿಲ್ಲದೆಯೇ ನೀವು ಇದನ್ನು ನೂರಾರು ಸಲ ಬಳಸುತ್ತೀರಿ.

ಬಾಗಿಲಲ್ಲಿ ನಿಂತವನು ಯಾರು?

ಈಗ ಪತ್ರವನ್ನು ಪಡೆಯುವ ಕಡೆಗೆ ಬನ್ನಿ. ಇ-ಮೇಲ್ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವ ಕ್ರಮವನ್ನು ಎಸ್‌ಎಂಟಿಪಿ ಎನ್ನುತ್ತಾರೆ. ಜಾನ್ ಪೋಸ್ಟೆಲ್ ಅವರು 1982ರಲ್ಲಿ ಪ್ರಕಟಿಸಿದ ನಿಯಮಗಳ ಚೌಕಟ್ಟು ಇಂದಿಗೂ ಉಳಿದಿದೆ. ಕಳುಹಿಸುವ ಯಂತ್ರ ಬಾಗಿಲು ತಟ್ಟುತ್ತದೆ. ‘ನಮಸ್ಕಾರ, ನಾನು ಇಂಥವನು’ ಎಂದು ತನ್ನ ಹೆಸರು ಹೇಳುತ್ತದೆ. ಇದು ‘ಹೆಲೊ’ ಎಂಬ ಆಜ್ಞೆ. ಆಮೇಲೆ ಪತ್ರ ಯಾರಿಂದ, ಯಾರಿಗೆ ಎಂದು ಹೇಳುತ್ತದೆ. ಕೊನೆಗೆ ಪತ್ರವನ್ನು ಒಪ್ಪಿಸುತ್ತದೆ.

ಈ ಮಾತುಕತೆಯಲ್ಲಿ ಎಷ್ಟು ಸಂಗತಿಗಳನ್ನು ನಂಬಬಹುದು? ಹೆಲೊ ಎಂದಾಗ ಹೇಳಿದ ಹೆಸರು ಸುಳ್ಳಿರಬಹುದು. ‘ಯಾರಿಂದ’ ಎಂಬ ವಿಳಾಸವೂ ಸುಳ್ಳಿರಬಹುದು. ಲಕೋಟೆಯ ಹಿಂಬದಿಯಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಲ್ಲವೇ, ಹಾಗೆ. ಒಂದು ಸಂಗತಿ ಮಾತ್ರ ಸುಲಭಕ್ಕೆ ಸುಳ್ಳಾಗದು: ಬಾಗಿಲು ತಟ್ಟಿದ ಯಂತ್ರದ ಐಪಿ ವಿಳಾಸ. ಏಕೆಂದರೆ ಇದು ಎರಡೂ ಕಡೆಯಿಂದ ನಡೆಯುವ ಸಂಭಾಷಣೆ. ಪಡೆಯುವ ಯಂತ್ರ ಕೊಡುವ ಉತ್ತರಗಳು ಆ ಸಂಖ್ಯೆಗೇ ಹಿಂದಿರುಗಿ ಹೋಗಬೇಕು. ಸುಳ್ಳು ಸಂಖ್ಯೆ ಹೇಳಿದವನಿಗೆ ಉತ್ತರ ಸಿಗುವುದಿಲ್ಲ, ಮಾತು ಮುಂದುವರಿಯುವುದಿಲ್ಲ.

ಮೊದಲ ದಿನಗಳಲ್ಲಿ ಇಷ್ಟೆಲ್ಲ ಅನುಮಾನ ಬೇಕಿರಲಿಲ್ಲ. ಜಾಲ ಚಿಕ್ಕದು, ಬಹುಪಾಲು ವಿದ್ಯಾಸಂಸ್ಥೆಗಳದು. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಎರ್ನೆಟ್ ಜಾಲವೂ ಹೀಗೆಯೇ ಇತ್ತು. ಅದರ ಮೊದಲ ಸದಸ್ಯರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು, ಬಾಗಿಲಿಗೆ ಚಿಲಕ ಹಾಕುವುದಿಲ್ಲ ಎಂಬಂಥ ಕಾಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ನಮ್ಮಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ತೆರೆಯಿತು. ಜಗತ್ತಿನೆಲ್ಲೆಡೆ ಹಳ್ಳಿ ಮಹಾನಗರವಾಯಿತು. ಬೇಡದ ಜಾಹೀರಾತು, ಮೋಸದ ಪತ್ರಗಳ ರಾಶಿ ಬಂದಿತು. ವೈರಸ್ ತಗುಲಿದ ಮನೆಯ ಗಣಕಯಂತ್ರಗಳು ಒಡೆಯನಿಗೇ ತಿಳಿಯದಂತೆ ಇಂಥ ಪತ್ರಗಳನ್ನು ಸಾವಿರಗಟ್ಟಲೆ ಕಳುಹಿಸತೊಡಗಿದವು. ಆಗ ಪಡೆಯುವ ಸರ್ವರುಗಳು ಬಾಗಿಲಲ್ಲೇ ಒಂದು ಪ್ರಶ್ನೆ ಕೇಳಲು ಕಲಿತವು: ‘ಈ ಸಂಖ್ಯೆಗೆ ಹೆಸರೇನು?’

ವಿಳಾಸವನ್ನು ತಿರುವಿ ಓದುವುದು

ಹೆಸರಿನಿಂದ ಸಂಖ್ಯೆ ಹುಡುಕುವುದು ಸುಲಭ. ಸಂಖ್ಯೆಯಿಂದ ಹೆಸರು? ಹಳೆಯ ಟೆಲಿಫೋನ್ ಡೈರೆಕ್ಟರಿಯನ್ನು ನೆನಪಿಸಿಕೊಳ್ಳಿ. ನಿಮ್ಮ ಮನೆಯಲ್ಲಿಲ್ಲದಿದ್ದರೆ ಅಜ್ಜನನ್ನು ಕೇಳಿ. ಅದರಲ್ಲಿ ಹೆಸರುಗಳು ಅಕಾರಾದಿಯಾಗಿ ಇರುತ್ತಿದ್ದವು. ಹೆಸರು ಗೊತ್ತಿದ್ದರೆ ನಂಬರು ಸಿಗುತ್ತಿತ್ತು. ನಂಬರು ಮಾತ್ರ ಗೊತ್ತಿದ್ದರೆ ಇಡೀ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಆ ಕೆಲಸಕ್ಕೆ ನಂಬರುಗಳ ಕ್ರಮದಲ್ಲೇ ಜೋಡಿಸಿದ ಎರಡನೆಯ ಪುಸ್ತಕ ಬೇಕು.

ಡಿಎನ್‌ಎಸ್‌ನಲ್ಲಿ ಆ ಎರಡನೆಯ ಪುಸ್ತಕವನ್ನು ಒಂದು ಉಪಾಯದಿಂದ ಮಾಡಿದ್ದಾರೆ. ಸಂಖ್ಯೆಯನ್ನೇ ಒಂದು ಹೆಸರಿನಂತೆ ಬರೆದು, ಅದಕ್ಕಾಗಿಯೇ ಮೀಸಲಾದ ‘ಇನ್-ಆಡರ್.ಆರ್ಪಾ’ ಎಂಬ ಕೊನೆಯನ್ನು ಅಂಟಿಸುತ್ತಾರೆ. ‘ಆಡರ್’ ಎಂಬುದು ಅಡ್ರೆಸ್ ಎಂಬ ಪದದ ಮೊಟಕು ರೂಪ. ಆದರೆ ಸಂಖ್ಯೆಯನ್ನು ಇದ್ದಂತೆಯೇ ಬರೆಯುವುದಿಲ್ಲ, ಹಿಂದುಮುಂದಾಗಿ ಬರೆಯುತ್ತಾರೆ. 203.0.113.25 ಎಂಬುದು ‘25.113.0.203.ಇನ್-ಆಡರ್.ಆರ್ಪಾ’ ಆಗುತ್ತದೆ.

ಏಕೆ ಹೀಗೆ ತಿರುಗಿಸಬೇಕು? ಇದಕ್ಕೆ ನಮ್ಮ ಅಂಚೆ ಲಕೋಟೆಯೇ ಉತ್ತರ ಹೇಳುತ್ತದೆ. ವಿಳಾಸ ಬರೆಯುವಾಗ ಮೊದಲು ವ್ಯಕ್ತಿ, ಆಮೇಲೆ ಮನೆ, ಬೀದಿ, ಊರು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಕೆಳಗೆ ಪಿನ್‌ಕೋಡ್ ಬರೆಯುವಾಗ ಕ್ರಮ ಉಲ್ಟಾ. 577201 ಎಂಬುದರಲ್ಲಿ ಮೊದಲ ಅಂಕೆ 5 ದಕ್ಷಿಣದ ಒಂದು ದೊಡ್ಡ ವಲಯ. ಮೊದಲ ಮೂರು ಅಂಕೆಗಳು ಸೇರಿದರೆ ಅಂಚೆ ವಿಂಗಡಣೆಯ ಜಿಲ್ಲೆ. ಕೊನೆಯ ಮೂರು ಶಿವಮೊಗ್ಗದ ಅಂಚೆ ಕಚೇರಿಯನ್ನು ತೋರಿಸುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ ಇದು.

ಐಪಿ ಸಂಖ್ಯೆ ಪಿನ್‌ಕೋಡಿನ ಹಾಗೆ: ಎಡಗಡೆ ದೊಡ್ಡ ಪ್ರದೇಶ, ಬಲಗಡೆ ಒಂಟಿ ಯಂತ್ರ. ಡೊಮೈನ್ ಹೆಸರು ಲಕೋಟೆಯ ವಿಳಾಸದ ಹಾಗೆ: ಎಡಗಡೆ ಒಂಟಿ ಯಂತ್ರ, ಬಲಗಡೆ ದೊಡ್ಡ ಪ್ರದೇಶ. ಡಿಎನ್‌ಎಸ್ ಯಾವಾಗಲೂ ಹೆಸರಿನ ಬಲಗಡೆಯಿಂದ ಹುಡುಕಲು ಆರಂಭಿಸುತ್ತದೆ. ಸಂಖ್ಯೆಯನ್ನು ಹೆಸರಿನ ವೇಷದಲ್ಲಿ ನಿಲ್ಲಿಸಬೇಕಾದರೆ ಅದರ ದೊಡ್ಡ ಭಾಗ ಬಲಕ್ಕೆ ಬರಲೇಬೇಕು. ಅದಕ್ಕೇ ಈ ತಿರುವು.

ಹೀಗೆ ತಿರುಗಿಸಿದ ಹೆಸರಿನ ಎದುರು ಒಂದು ಸಾಲು ಬರೆದಿರುತ್ತದೆ: ‘ಇದರ ಹೆಸರು ಮೇಲ್.ಕಾಲೇಜು.ಎಕ್ಸಾಂಪಲ್.’ ಈ ಸಾಲಿಗೆ ‘ಪಿಟಿಆರ್ ದಾಖಲೆ’ ಎನ್ನುತ್ತಾರೆ. ಪಾಯಿಂಟರ್, ಎಂದರೆ ಬೊಟ್ಟು ಮಾಡಿ ತೋರಿಸುವುದು, ಎಂಬುದರ ಸಂಕ್ಷೇಪ ಅದು.

ಬರೆಯುವ ಹಕ್ಕು ಯಾರದು?

ಇಲ್ಲಿಯೇ ಹೆಚ್ಚಿನವರು ಎಡವುವುದು. ಕಾಲೇಜಿನ ಹೆಸರು ಕಾಲೇಜಿನದು, ಆದ್ದರಿಂದ ‘ಎ ದಾಖಲೆ’ಯನ್ನು ಕಾಲೇಜೇ ಬರೆಯಬಹುದು. ಆದರೆ ಸಂಖ್ಯೆ ಕಾಲೇಜಿನದಲ್ಲ. ಅದು ಅಂತರಜಾಲದ ಸಂಪರ್ಕ ಕೊಟ್ಟ ಕಂಪನಿಯಿಂದ ಬಂದದ್ದು. ಆದ್ದರಿಂದ ಪಿಟಿಆರ್ ದಾಖಲೆ ಬರೆಯುವ ಹಕ್ಕೂ ಆ ಕಂಪನಿಯದೇ.

ಊರಿನ ಒಂದು ಹೋಲಿಕೆ ಕೊಡುತ್ತೇನೆ. ಅಂಗಡಿಯ ಮೇಲೆ ನೀವು ಯಾವ ಬೋರ್ಡನ್ನಾದರೂ ಬರೆಸಬಹುದು. ಆದರೆ ಆ ನಿವೇಶನ ಯಾರದೆಂದು ಪಂಚಾಯಿತಿಯ ಖಾತಾ ಪುಸ್ತಕದಲ್ಲಿ ಬರೆಯುವವರು ನೀವಲ್ಲ, ಪಂಚಾಯಿತಿಯವರು. ಬೋರ್ಡು ಎ ದಾಖಲೆಯಂತೆ, ಖಾತೆ ಪಿಟಿಆರ್ ದಾಖಲೆಯಂತೆ.

ಈ ಹಕ್ಕು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದಿದೆ. ಜಗತ್ತಿನಲ್ಲಿ ಐಪಿ ಸಂಖ್ಯೆಗಳನ್ನು ಹಂಚುವ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿವೆ. ನಮ್ಮ ಏಷ್ಯಾ-ಪೆಸಿಫಿಕ್ ವಲಯದ್ದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ಭಾರತದಲ್ಲಿ ನಿಕ್ಸಿ ಸಂಸ್ಥೆಯ ಅಡಿಯಲ್ಲಿರುವ ಇರಿನ್ ಎಂಬ ನೋಂದಣಿ ಕೇಂದ್ರ ಈ ಕೆಲಸ ನೋಡಿಕೊಳ್ಳುತ್ತದೆ. ಇವರಿಂದ ಸಂಪರ್ಕ ಕಂಪನಿಗಳು ಸಂಖ್ಯೆಗಳ ಕಂತೆಗಳನ್ನು ಪಡೆಯುತ್ತವೆ. ಕಂತೆಯ ಜೊತೆಗೆ ಅದರ ಹಿಮ್ಮುಖ ಪುಸ್ತಕ ಬರೆಯುವ ಅಧಿಕಾರವೂ ಬರುತ್ತದೆ.

ಒಂದು ಸಂಸ್ಥೆಗೆ 256 ಸಂಖ್ಯೆಗಳ ಇಡೀ ಕಂತೆ ಸಿಕ್ಕಿದ್ದರೆ ಆ ಪುಸ್ತಕವನ್ನೇ ಸಂಸ್ಥೆಗೆ ಒಪ್ಪಿಸಿಬಿಡಬಹುದು. ತಿರುಗಿಸಿದ ಹೆಸರು ಚುಕ್ಕೆ ಇರುವಲ್ಲಿಯೇ ತುಂಡಾಗುವುದರಿಂದ ಅದು ಸಲೀಸು. ಎಂಟೋ ಹದಿನಾರೋ ಸಂಖ್ಯೆಗಳು ಮಾತ್ರ ಇದ್ದರೆ ಕತ್ತರಿಸಲು ಚುಕ್ಕೆ ಇಲ್ಲ. ಅದಕ್ಕಾಗಿ 1998ರಲ್ಲಿ ಒಂದು ವಿಧಾನ ಪ್ರಕಟವಾಯಿತು. ಕಂಪನಿ ತನ್ನ ಪುಸ್ತಕದಲ್ಲಿ ‘ಈ ಸಂಖ್ಯೆಗೆ ಅಲ್ಲಿ ನೋಡಿ’ ಎಂದು ಗ್ರಾಹಕರ ಪುಸ್ತಕದ ಕಡೆಗೆ ಸೂಚನೆ ಬರೆಯುತ್ತದೆ. ಒಂದೇ ಸಂಖ್ಯೆ ಇದ್ದವರು ಕಂಪನಿಯನ್ನೇ ಕೇಳಿಕೊಳ್ಳಬೇಕು.

ಎರಡು ಕಡೆಯ ಸಾಕ್ಷಿ

ಸಂಖ್ಯೆಯ ಒಡೆಯ ಪಿಟಿಆರ್ ದಾಖಲೆಯಲ್ಲಿ ಯಾವ ಹೆಸರನ್ನಾದರೂ ಬರೆಯಬಹುದು. ಒಬ್ಬ ಮೋಸಗಾರ ತನ್ನ ಸಂಖ್ಯೆಗೆ ಒಂದು ದೊಡ್ಡ ಬ್ಯಾಂಕಿನ ಹೆಸರು ಬರೆಸಿಕೊಂಡರೆ? ಇದಕ್ಕೆಂದೇ ಪಡೆಯುವ ಸರ್ವರ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೊದಲು ಸಂಖ್ಯೆಯಿಂದ ಹೆಸರು ಕೇಳುತ್ತದೆ. ಬಂದ ಹೆಸರಿನಿಂದ ಮತ್ತೆ ಸಂಖ್ಯೆ ಕೇಳುತ್ತದೆ. ಎರಡನೆಯ ಉತ್ತರದಲ್ಲಿ ಮೊದಲಿನ ಸಂಖ್ಯೆಯೇ ಬಂದರೆ ಪರೀಕ್ಷೆಯಲ್ಲಿ ಪಾಸು.

ಮೋಸಗಾರನ ಯಂತ್ರ ಇಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಂಕಿನ ಹೆಸರಿನ ಪುಸ್ತಕ ಅವನ ಕೈಯಲ್ಲಿಲ್ಲ. ಆ ಪುಸ್ತಕ ಅವನ ಸಂಖ್ಯೆಯನ್ನು ಹೇಳುವುದಿಲ್ಲ. ಸಂಖ್ಯೆಯ ಒಡೆಯ ಒಬ್ಬ, ಹೆಸರಿನ ಒಡೆಯ ಇನ್ನೊಬ್ಬ. ಇಬ್ಬರೂ ಒಂದೇ ಮಾತು ಹೇಳಿದರೆ ಮಾತ್ರ ಸಾಕ್ಷಿ ನಿಲ್ಲುತ್ತದೆ. ಒಂದು ಕೈಯಲ್ಲಿ ಚಪ್ಪಾಳೆ ಆಗದು.

ಹೊಂದಿಸುವ ಕ್ರಮ

ಇನ್ನು ಕೆಲಸಕ್ಕೆ ಬರೋಣ. ನಿಮ್ಮ ಕಾಲೇಜಿನಲ್ಲೋ ನಾಳೆ ನೀವು ಸೇರುವ ಕಚೇರಿಯಲ್ಲೋ ಇ-ಮೇಲ್ ಸರ್ವರ್ ಸಿದ್ಧಪಡಿಸುವ ಹೊಣೆ ನಿಮ್ಮದಾದರೆ ಈ ಕ್ರಮದಲ್ಲಿ ನಡೆಯಿರಿ.

ಮೊದಲನೆಯದಾಗಿ, ಸರ್ವರಿಗೆ ಬದಲಾಗದ, ಸಾರ್ವಜನಿಕವಾದ ಐಪಿ ವಿಳಾಸ ಇರಬೇಕು. 10 ಅಥವಾ 192.168 ಎಂದು ಆರಂಭವಾಗುವ ಸಂಖ್ಯೆಗಳು ಕಟ್ಟಡದ ಒಳಗಿನ ಬಳಕೆಗೆ ಮಾತ್ರ. ಹೊರಜಗತ್ತು ನೋಡುವುದು ನಿಮ್ಮ ರೂಟರಿನ ಹೊರಗಿನ ಸಂಖ್ಯೆಯನ್ನು. ಪತ್ರ ಹೊರಡುವಾಗ ಯಾವ ಸಂಖ್ಯೆ ಕಾಣುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಎರಡನೆಯದಾಗಿ, ಸರ್ವರಿಗೆ ಒಂದು ಪೂರ್ಣ ಹೆಸರು ಆರಿಸಿ, ಅದರ ಎ ದಾಖಲೆಯನ್ನು ನಿಮ್ಮ ಡೊಮೈನಿನ ಪುಸ್ತಕದಲ್ಲಿ ಬರೆಯಿರಿ. ಇದನ್ನು ಮೊದಲು ಮಾಡುವುದು ಒಳ್ಳೆಯದು. ಕೆಲವು ಕಂಪನಿಗಳು ಎ ದಾಖಲೆ ಸರಿ ಇದೆಯೇ ಎಂದು ನೋಡಿಯೇ ಪಿಟಿಆರ್ ಬರೆಯುತ್ತವೆ.

ಮೂರನೆಯದಾಗಿ, ಸಂಪರ್ಕ ಕೊಟ್ಟ ಕಂಪನಿಗೆ ಮನವಿ ಮಾಡಿ. ಬಾಡಿಗೆ ಸರ್ವರ್ ಆದರೆ ಅನೇಕ ಕಡೆ ನಿಯಂತ್ರಣ ಫಲಕದಲ್ಲಿ ನೀವೇ ಹೆಸರು ತುಂಬುವ ಜಾಗ ಇರುತ್ತದೆ. ಇಲ್ಲವಾದರೆ ಸ್ಪಷ್ಟವಾದ ಒಂದು ಪತ್ರ ಸಾಕು: ‘ನಮಗೆ ಕೊಟ್ಟಿರುವ 203.0.113.25 ಸಂಖ್ಯೆಗೆ ಮೇಲ್.ಕಾಲೇಜು.ಎಕ್ಸಾಂಪಲ್ ಎಂಬ ಪಿಟಿಆರ್ ದಾಖಲೆ ಬರೆಯಬೇಕೆಂದು ಕೋರುತ್ತೇವೆ.’ ಸಂಖ್ಯೆ, ಹೆಸರು ಎರಡನ್ನೂ ಅಕ್ಷರ ಅಕ್ಷರ ತಾಳೆ ನೋಡಿ ಕಳುಹಿಸಿ.

ನಾಲ್ಕನೆಯದಾಗಿ, ಸರ್ವರ್ ಹೆಲೊ ಹೇಳುವಾಗ ಇದೇ ಹೆಸರನ್ನು ಹೇಳುವಂತೆ ಹೊಂದಿಸಿ. ಪೋಸ್ಟ್‌ಫಿಕ್ಸ್ ಎಂಬ ಜನಪ್ರಿಯ ತಂತ್ರಾಂಶದಲ್ಲಿ ‘ಮೈಹೋಸ್ಟ್‌ನೇಮ್’ ಎಂಬ ಒಂದು ಸಾಲಿನಲ್ಲಿ ಇದನ್ನು ಬರೆಯುತ್ತಾರೆ. ಹೆಲೊ ಹೆಸರು ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಪತ್ರವನ್ನು ನಿರಾಕರಿಸಬಾರದೆಂದು ನಿಯಮಗಳು ಹೇಳುತ್ತವೆ, ನಿಜ. ಆದರೂ ಪಡೆಯುವವರ ಅನುಮಾನ ಹೆಚ್ಚುತ್ತದೆ. ಮೂರೂ ಹೆಸರುಗಳು ಒಂದೇ ಆಗಿರುವುದು ಕ್ಷೇಮ.

ಐದನೆಯದಾಗಿ, ಪರೀಕ್ಷಿಸಿ. ‘ಡಿಗ್’, ‘ಹೋಸ್ಟ್’, ‘ಎನ್‌ಎಸ್‌ಲುಕಪ್’ ಇವು ಇದಕ್ಕಾಗಿ ಇರುವ ಸಣ್ಣ ಆಜ್ಞೆಗಳು. ಸಂಖ್ಯೆ ಕೊಟ್ಟು ಹೆಸರು ಕೇಳಿ, ಬಂದ ಹೆಸರು ಕೊಟ್ಟು ಸಂಖ್ಯೆ ಕೇಳಿ. ಈ ಪರೀಕ್ಷೆಯನ್ನು ಕಾಲೇಜಿನ ಜಾಲದ ಹೊರಗಿನಿಂದಲೂ ಮಾಡಿ. ಮನೆಯೊಳಗೆ ಕಾಣುವುದೇ ಬೀದಿಯಲ್ಲೂ ಕಾಣುತ್ತದೆ ಎಂದು ಹೇಳಲಾಗದು.

ಆರನೆಯದಾಗಿ, ತಾಳ್ಮೆ ಇರಲಿ. ಡಿಎನ್‌ಎಸ್ ಉತ್ತರಗಳನ್ನು ಸರ್ವರುಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಕಾಲ ಎಂಬುದನ್ನು ದಾಖಲೆಯಲ್ಲಿಯೇ ಸೆಕೆಂಡುಗಳಲ್ಲಿ ಬರೆದಿರುತ್ತಾರೆ. 86,400 ಎಂದಿದ್ದರೆ ಒಂದು ಇಡೀ ದಿನ. ಹಳೆಯ ಉತ್ತರ ಮರೆಯುವವರೆಗೆ ಹೊಸದು ಎಲ್ಲರಿಗೂ ಕಾಣುವುದಿಲ್ಲ.

ಎಡವುವ ಜಾಗಗಳು

ಒಂದು ಚುಕ್ಕೆ ಎಷ್ಟು ತೊಂದರೆ ಕೊಡಬಹುದು ಗೊತ್ತೇ? ಡಿಎನ್‌ಎಸ್ ಕಡತವನ್ನು ಕೈಯಿಂದ ಬರೆಯುವಾಗ ಪೂರ್ಣ ಹೆಸರಿನ ಕೊನೆಗೆ ಒಂದು ಚುಕ್ಕೆ ಇಡಬೇಕು. ‘ಹೆಸರು ಇಲ್ಲಿಗೆ ಮುಗಿಯಿತು’ ಎಂದು ಅದರ ಅರ್ಥ. ಅದನ್ನು ಮರೆತರೆ ಯಂತ್ರ ಆ ಪುಸ್ತಕದ ಹೆಸರನ್ನೂ ತಾನೇ ಸೇರಿಸಿಕೊಂಡು ‘ಮೇಲ್.ಕಾಲೇಜು.ಎಕ್ಸಾಂಪಲ್.113.0.203.ಇನ್-ಆಡರ್.ಆರ್ಪಾ’ ಎಂಬ ವಿಚಿತ್ರ ಉತ್ತರ ಕೊಡುತ್ತದೆ. ಕಡತದ ಕ್ರಮಸಂಖ್ಯೆಯನ್ನು ಹೆಚ್ಚಿಸದೆ ಬಿಡುವುದು ಇನ್ನೊಂದು ತಪ್ಪು. ಕ್ರಮಸಂಖ್ಯೆ ಬದಲಾಗದಿದ್ದರೆ ನಕಲು ಇಟ್ಟುಕೊಂಡ ಸಹಾಯಕ ಸರ್ವರುಗಳು ಹೊಸತೇನೂ ಇಲ್ಲವೆಂದು ತಿಳಿದು ಹಳೆಯದನ್ನೇ ಹೇಳುತ್ತಿರುತ್ತವೆ.

‘ನಮ್ಮ ಸರ್ವರ್ ಹತ್ತು ಡೊಮೈನುಗಳ ಪತ್ರ ಕಳುಹಿಸುತ್ತದೆ. ಹತ್ತು ಪಿಟಿಆರ್ ಬೇಕಲ್ಲವೇ?’ ಎಂದು ಕೇಳುವವರಿದ್ದಾರೆ. ಬೇಡ. ಪಿಟಿಆರ್ ಹೇಳುವುದು ಯಂತ್ರದ ಹೆಸರನ್ನು, ಪತ್ರ ಬರೆದವರ ಹೆಸರನ್ನಲ್ಲ. ಅಂಚೆಯಣ್ಣ ಒಬ್ಬನೇ, ಅವನ ಚೀಲದಲ್ಲಿ ಊರಿನವರೆಲ್ಲರ ಪತ್ರ. ಗುರುತಿನ ಚೀಟಿ ಅವನೊಬ್ಬನದು ಸಾಕು.

ಇನ್ನು ಆರನೆಯ ಆವೃತ್ತಿಯ ಐಪಿ ವಿಳಾಸ. ಇದು 32 ಅಂಕೆಗಳ ಉದ್ದನೆಯ ವಿಳಾಸ. ಹಿಮ್ಮುಖ ಪುಸ್ತಕಕ್ಕೆ ಒಂದೊಂದು ಅಂಕೆಯನ್ನೂ ಬಿಡಿಸಿ, ನಡುವೆ ಚುಕ್ಕೆ ಇಟ್ಟು, ತಿರುವಿ ಬರೆದು ‘ಐಪಿ6.ಆರ್ಪಾ’ ಸೇರಿಸಬೇಕು. ಸಂಕ್ಷೇಪವಾಗಿ ಬರೆಯುವಾಗ ಬಿಟ್ಟ ಸೊನ್ನೆಗಳನ್ನೆಲ್ಲ ಇಲ್ಲಿ ಮರಳಿ ತುಂಬಬೇಕು. ಸರ್ವರಿಗೆ ಎರಡೂ ಬಗೆಯ ವಿಳಾಸಗಳಿದ್ದು ಒಂದಕ್ಕೆ ಮಾತ್ರ ಪಿಟಿಆರ್ ಬರೆಸಿದ್ದರೆ, ಪತ್ರಗಳು ಒಮ್ಮೆ ತಲುಪುತ್ತವೆ, ಒಮ್ಮೆ ತಲುಪುವುದಿಲ್ಲ. ಇಂಥ ದೋಷ ಹಿಡಿಯುವುದು ಬಹಳ ಕಷ್ಟ.

ಮನೆಯ ಸಂಪರ್ಕಗಳಿಗೆ ಕಂಪನಿಗಳು ಸಾಮಾನ್ಯವಾಗಿ ಸಂಖ್ಯೆಯನ್ನೇ ಪೋಣಿಸಿದ ಒಂದು ಸಾಲುಹೆಸರು ಕೊಟ್ಟಿರುತ್ತವೆ. ಅದೂ ಪಿಟಿಆರ್ ಹೌದು. ಆದರೆ ಅಂಥ ಹೆಸರನ್ನು ಕಂಡರೆ ‘ಇದು ಯಾರದೋ ಮನೆಯ ಯಂತ್ರ, ಸರ್ವರಲ್ಲ’ ಎಂದು ಅನೇಕ ಕಡೆ ಬಾಗಿಲು ಮುಚ್ಚುತ್ತಾರೆ.

ಗುರುತು ಬೇರೆ, ಗುಣ ಬೇರೆ

ಹಿಮ್ಮುಖ ಹೆಸರು ಸರಿಯಾಗಿದ್ದರೆ ಪತ್ರ ಸತ್ಯವೆಂದು ಅರ್ಥವೇ? ಖಂಡಿತ ಅಲ್ಲ. ಬಾಡಿಗೆ ಸರ್ವರ್ ಪಡೆದ ವಂಚಕನೂ ತನ್ನದೇ ಹೆಸರಿಗೆ ಸರಿಯಾದ ಪಿಟಿಆರ್ ಬರೆಸಿಕೊಳ್ಳಬಹುದು. ವಾಹನಕ್ಕೆ ನಂಬರ್ ಪ್ಲೇಟ್ ಇದೆ ಎಂದಮಾತ್ರಕ್ಕೆ ಚಾಲಕ ಒಳ್ಳೆಯವನೆಂದಲ್ಲ. ನಂಬರ್ ಪ್ಲೇಟೇ ಇಲ್ಲದ ವಾಹನವನ್ನು ಪೊಲೀಸರು ತಡೆಯುತ್ತಾರೆ, ಅಷ್ಟೇ.

ಆದ್ದರಿಂದ ಇದರ ಜೊತೆಗೆ ಬೇರೆ ಏರ್ಪಾಡುಗಳೂ ಬಂದಿವೆ. ಒಂದು ಡೊಮೈನಿನ ಪತ್ರಗಳನ್ನು ಯಾವ ಯಂತ್ರಗಳು ಕಳುಹಿಸಬಹುದೆಂದು ಸಾರುವುದು ಎಸ್‌ಪಿಎಫ್. ಪತ್ರಕ್ಕೆ ಗಣಿತದ ಮುದ್ರೆ ಒತ್ತುವುದು ಡಿಕೆಐಎಂ. ಇವುಗಳಲ್ಲಿ ಉತ್ತೀರ್ಣವಾಗದ ಪತ್ರವನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. ಗೂಗಲ್ ಸಂಸ್ಥೆ 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಪತ್ರ ಕಳುಹಿಸುವ ಎಲ್ಲರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಹೊಂದಿರಬೇಕು, ಮುಮ್ಮುಖ ಮತ್ತು ಹಿಮ್ಮುಖ ಡಿಎನ್‌ಎಸ್ ದಾಖಲೆಗಳು ಸರಿ ಇರಬೇಕು ಎಂದು ವಿಧಿಸಿತು. ಇಲ್ಲಿಯವರೆಗೆ ‘ಇದ್ದರೆ ಒಳ್ಳೆಯದು’ ಎನ್ನುತ್ತಿದ್ದ ಸಂಗತಿ ‘ಇರಲೇಬೇಕು’ ಎಂದಾಯಿತು.

ಇದರಲ್ಲಿ ಯೋಚಿಸಬೇಕಾದ ಇನ್ನೊಂದು ಮಾತಿದೆ. ದೊಡ್ಡ ಕಂಪನಿಗಳಿಗೆ ಈ ಷರತ್ತುಗಳು ಭಾರವಲ್ಲ. ಒಂದು ಸಣ್ಣ ಕಾಲೇಜಿಗೆ, ಒಂದು ಸಹಕಾರ ಸಂಘಕ್ಕೆ, ಸ್ವಂತ ಸರ್ವರ್ ನಡೆಸಬೇಕೆಂಬ ಒಬ್ಬ ಉತ್ಸಾಹಿಗೆ ಪ್ರತಿಯೊಂದು ಷರತ್ತೂ ಒಂದೊಂದು ಹೊಸ್ತಿಲು. ‘ಇದೆಲ್ಲ ಯಾರಿಗೆ ಬೇಕು’ ಎಂದು ಎಲ್ಲರೂ ಕೈಚೆಲ್ಲಿದರೆ ಜಗತ್ತಿನ ಪತ್ರಗಳೆಲ್ಲ ಕೆಲವೇ ಕಂಪನಿಗಳ ಕೈಗೆ ಸೇರುತ್ತವೆ. ಯಾರು ಯಾರಿಗೆ ಬೇಕಾದರೂ ನೇರವಾಗಿ ಪತ್ರ ಕಳುಹಿಸಬಹುದು ಎಂಬುದೇ ಇ-ಮೇಲ್‌ನ ಮೂಲ ಸೊಗಸು. ಆ ಸೊಗಸು ಉಳಿಯಬೇಕಾದರೆ ಈ ಹೊಸ್ತಿಲುಗಳನ್ನು ದಾಟಲು ಬಲ್ಲವರು ಊರೂರಲ್ಲಿ ಇರಬೇಕು. ಆ ವಿದ್ಯೆ ಕಷ್ಟದ್ದಲ್ಲ ಎಂಬುದನ್ನು ನೀವು ಈಗಾಗಲೇ ಕಂಡಿದ್ದೀರಿ.

ಮತ್ತೆ ಆ ಪತ್ರದ ಮಾತು

ಈಗ ಮೊದಲಿನ ಸನ್ನಿವೇಶಕ್ಕೆ ಮರಳೋಣ. ಬೇಸಿಗೆ ರಜೆಯಲ್ಲಿ ಕಾಲೇಜು ಅಂತರಜಾಲದ ಸಂಪರ್ಕವನ್ನು ಬದಲಿಸಿತ್ತು ಎಂದುಕೊಳ್ಳಿ. ಹೊಸ ಕಂಪನಿ ಹೊಸ ಸಂಖ್ಯೆ ಕೊಟ್ಟಿತು. ಪ್ರಯೋಗಾಲಯದವರು ಎ ದಾಖಲೆಯನ್ನು ತಿದ್ದಿದರು. ಜಾಲತಾಣ ತೆರೆಯಿತು, ಹೊರಗಿನಿಂದ ಪತ್ರಗಳು ಬಂದವು, ಒಳಗಿನವರ ಪತ್ರಗಳು ಓಡಾಡಿದವು. ಎಲ್ಲವೂ ಸರಿಯಾಗಿದೆ ಎಂದುಕೊಂಡರು. ಹಳೆಯ ಸಂಖ್ಯೆಗೆ ಇದ್ದ ಪಿಟಿಆರ್ ಹಳೆಯ ಕಂಪನಿಯಲ್ಲೇ ಉಳಿಯಿತು. ಹೊಸ ಸಂಖ್ಯೆಗೆ ಹೆಸರೇ ಇರಲಿಲ್ಲ.

ವಿದ್ಯಾರ್ಥಿನಿಯ ಕಡೆಯ ಸರ್ವರ್ ಸಂಖ್ಯೆಗೆ ಹೆಸರು ಕೇಳಿತು, ಸಿಗಲಿಲ್ಲ. ‘450’ ಎಂದು ಉತ್ತರಿಸಿತು. ಇ-ಮೇಲ್ ಮಾತುಕತೆಯಲ್ಲಿ 4ರಿಂದ ಆರಂಭವಾಗುವ ಉತ್ತರಕ್ಕೆ ‘ಈಗ ಬೇಡ, ಆಮೇಲೆ ಬಾ’ ಎಂದರ್ಥ. 5ರಿಂದ ಆರಂಭವಾದರೆ ‘ಬರಲೇಬೇಡ’ ಎಂದರ್ಥ. 5 ಎಂದಿದ್ದರೆ ಸೋಮವಾರವೇ ಪತ್ರ ಹಿಂದಿರುಗಿ ಗುಮಾಸ್ತರಿಗೆ ತಿಳಿಯುತ್ತಿತ್ತು. 4 ಎಂದದ್ದರಿಂದ ಕಾಲೇಜಿನ ಸರ್ವರ್ ವಿಧೇಯತೆಯಿಂದ ಪತ್ರವನ್ನು ಸರತಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಿತು. ಅನೇಕ ಸರ್ವರುಗಳು ಹೀಗೆ ಐದು ದಿನ ಪ್ರಯತ್ನಿಸಿ ಕೈಬಿಡುತ್ತವೆ. ಸೋಮವಾರಕ್ಕೆ ಐದು ದಿನ ಸೇರಿಸಿದರೆ ಶನಿವಾರ. ಅಷ್ಟರಲ್ಲಿ ಶುಕ್ರವಾರ ಕಳೆದುಹೋಗಿತ್ತು.

ಸರ್ವರಿನ ದಿನಚರಿ ಕಡತದಲ್ಲಿ ಸೋಮವಾರ ಬೆಳಿಗ್ಗೆಯಿಂದಲೇ ಈ ಸಂಗತಿ ಸಾಲು ಸಾಲಾಗಿ ಬರೆದಿತ್ತು: ‘ನಿಮ್ಮ ಯಂತ್ರದ ಹೆಸರು ಸಿಗುತ್ತಿಲ್ಲ.’ ಓದುವವರು ಇರಲಿಲ್ಲ. ಸಂಪರ್ಕ ಬದಲಿಸುವ ದಿನ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ‘ಪಿಟಿಆರ್ ಬರೆಸುವುದು’ ಎಂಬ ಒಂದು ಸಾಲು ಇದ್ದಿದ್ದರೆ, ಪ್ರತಿದಿನ ಬೆಳಿಗ್ಗೆ ಸರತಿಯನ್ನು ನೋಡುವ ಅಭ್ಯಾಸ ಒಬ್ಬರಿಗೆ ಇದ್ದಿದ್ದರೆ, ಆ ಹುಡುಗಿ ಶುಕ್ರವಾರ ಬೆಳಗಿನ ಬಸ್ಸು ಹತ್ತುತ್ತಿದ್ದಳು. ಯಂತ್ರದ ಕಣ್ಣಿಗೆ ಕಾಣುವುದು ಸಂಖ್ಯೆ, ದಾಖಲೆ ಇಷ್ಟೇ. ಅವುಗಳ ಆಚೆ ಒಬ್ಬರು ಕಾಯುತ್ತಿದ್ದಾರೆ ಎಂಬುದು ಯಂತ್ರ ನೋಡಿಕೊಳ್ಳುವವರಿಗೆ ನೆನಪಿರಬೇಕು.

ಮಾಡಿ ನೋಡಿ

1. ಗಣಕಯಂತ್ರದ ಆಜ್ಞಾ ಕಿಟಕಿಯಲ್ಲಿ ‘ಎನ್‌ಎಸ್‌ಲುಕಪ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು 8.8.8.8 ಎಂದು ಬರೆಯಿರಿ. ‘ಡಿಎನ್‌ಎಸ್.ಗೂಗಲ್’ ಎಂಬ ಹೆಸರು ಬರುತ್ತದೆ. ಈಗ ಆ ಹೆಸರನ್ನು ಕೊಟ್ಟು ಸಂಖ್ಯೆ ಕೇಳಿ. ಉತ್ತರದಲ್ಲಿ 8.8.8.8 ಇದೆಯೇ?

2. ನಿಮಗೆ ಬಂದ ಯಾವುದಾದರೂ ಒಂದು ಇ-ಮೇಲ್‌ನ ಪೂರ್ಣ ಮೂಲವನ್ನು ತೆರೆಯಿರಿ. ‘ರಿಸೀವ್ಡ್’ ಎಂದು ಆರಂಭವಾಗುವ ಸಾಲುಗಳು ಅಂಚೆಯ ಠಸ್ಸೆಗಳಿದ್ದಂತೆ. ಅವುಗಳಲ್ಲಿ ಕಳುಹಿಸಿದ ಯಂತ್ರ ತಾನೇ ಹೇಳಿದ ಹೆಸರು, ಹಿಮ್ಮುಖ ಹುಡುಕಾಟದಲ್ಲಿ ಸಿಕ್ಕ ಹೆಸರು, ಐಪಿ ಸಂಖ್ಯೆ ಇವನ್ನು ಗುರುತಿಸಲು ಪ್ರಯತ್ನಿಸಿ.

3. 198.51.100.7 ಎಂಬ ಸಂಖ್ಯೆಯ ಹಿಮ್ಮುಖ ಹೆಸರನ್ನು ಕಾಗದದ ಮೇಲೆ ಬರೆಯಿರಿ. ತುಂಡುಗಳನ್ನು ತಿರುಗಿಸಬೇಕು, ತುಂಡಿನೊಳಗಿನ ಅಂಕೆಗಳನ್ನಲ್ಲ ಎಂಬುದು ನೆನಪಿರಲಿ.

4. ನಿಮ್ಮ ಶಾಲೆ ಅಥವಾ ಕಾಲೇಜಿಗೆ ಸ್ವಂತ ಸರ್ವರ್ ಇದೆಯೇ? ಇದ್ದರೆ ಅದನ್ನು ನೋಡಿಕೊಳ್ಳುವವರನ್ನು ಕಂಡು ವಿನಯದಿಂದ ಕೇಳಿ: ‘ಸಾರ್, ನಮ್ಮ ಸಂಖ್ಯೆಗೆ ಹೆಸರಿದೆಯೇ?’